ಮಗಳ ಆಟದ ನಡುವೆ ಕರೆಂಟ್ ತೆಗೆಸಿದವನು ನಾನೇ

ಇದು ಎರಡು ವರ್ಷದ ಹಿಂದೆ ನಡೆದದ್ದು. ನನ್ನ ಮಗಳು ಚೈತ್ರ ಆಗ ಒಂಬತ್ತನೇ ತರಗತಿಯಲ್ಲಿದ್ದಳು. ನಾನು ಸಿದ್ದೇಶಪ್ಪ, ಮಿಡಿಗೇಶಿ ಕಡೆ ಲೈನ್‌ಮನ್. ಕಂಬ ಹತ್ತಿ ಇಳಿಯುವುದೇ ನನ್ನ ಕೆಲಸ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹೈಸ್ಕೂಲ್ ಮಕ್ಕಳಿಗೆಂದು ಚೆಸ್ ಹುಚ್ಚಿನ ಕೆಲವರು ಸೇರಿ ಆನ್‌ಲೈನ್ ಪಂದ್ಯಾವಳಿ ಇಟ್ಟಿದ್ದರು. ಒಟ್ಟು ಐದು ಸುತ್ತು. ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಆಡಬೇಕು. ಯಾರೂ ಹೇಳಿಕೊಡಬಾರದು ಅಂತ ಪಕ್ಕದಲ್ಲಿ ಒಂದು ಮೊಬೈಲ್ ನಿಲ್ಲಿಸಿ, ಆಡುವವರು ವಿಡಿಯೋದಲ್ಲಿ ಕಾಣುತ್ತಾ ಇರಬೇಕು. ಚೈತ್ರ ಶಾಲೆಯ ಲ್ಯಾಪ್‌ಟಾಪ್ ತಂದುಕೊಂಡು ಆಡಿ ನಾಲ್ಕು ಸುತ್ತೂ ಗೆದ್ದಿದ್ದಳು. ಭಾನುವಾರ ಬೆಳಗ್ಗೆ ಕೊರಟಗೆರೆಯ ಹುಡುಗನ ಜೊತೆ ಕೊನೆಯ ಆಟ. ಗೆದ್ದರೆ ನಾಲ್ಕು ತಾಲ್ಲೂಕಿಗೆ ಮೊದಲು.

ಅವಳು ಆಟಕ್ಕೆ ಕೂತು ಅರ್ಧ ಗಂಟೆ ಆಗಿರಬೇಕು, ನನಗೆ ಫೋನ್ ಬಂತು. ಕೆರೆ ಏರಿಯ ಹತ್ತಿರ ಗಾಳಿಗೆ ಹುಣಸೆ ಕೊಂಬೆ ಮುರಿದು ಲೈನ್ ಮೇಲೆ ಬಿದ್ದಿದೆ, ತಂತಿ ಕೈಗೆ ಸಿಗುವಷ್ಟು ಕೆಳಗೆ ಜೋತಾಡುತ್ತಿದೆ. ಅದು ಕುರಿಯವರು ದಿನಾ ಓಡಾಡುವ ದಾರಿ. ನನ್ನ ಜೊತೆ ಕೆಲಸ ಮಾಡುವ ರಂಗಣ್ಣನನ್ನು ಕರೆದುಕೊಂಡು ಬೈಕಿನಲ್ಲಿ ಹೊರಟೆ. ದಾರಿಯಿಂದಲೇ ಕರೆಂಟ್ ಸ್ಟೇಷನ್‌ಗೆ ಫೋನ್ ಮಾಡಿ ಲೈನ್ ತೆಗೆಸಿದೆ, ಅಂದರೆ ನಮ್ಮ ಊರಿಗೆಲ್ಲ ಬರುವ ಕರೆಂಟ್ ನಿಲ್ಲಿಸಿದೆ. ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ. ಯಾರ ಹೆಸರಿನಲ್ಲಿ ಲೈನ್ ತೆಗೆಸಿರುತ್ತೇವೋ ಅವರೇ ಫೋನ್ ಮಾಡಿ ‘ಕೆಲಸ ಮುಗೀತು, ಬುಡಿ’ ಅನ್ನುವವರೆಗೆ ಯಾರು ಹೇಳಿದರೂ ಕರೆಂಟ್ ಕೊಡುವ ಹಾಗಿಲ್ಲ. ಅವತ್ತು ಅದು ನನ್ನ ಹೆಸರಿನಲ್ಲಿತ್ತು. ತೆಗೆಸುವಾಗ ಮಗಳ ನೆನಪು ಬರಲಿಲ್ಲವೇ ಅಂದರೆ, ಬಂತು. ಆದರೆ ಆ ತಂತಿ ಕೆಳಗೆ ಯಾರಾದರೂ ಬಂದುಬಿಟ್ಟರೆ ಅನ್ನುವುದೇ ತಲೆಯಲ್ಲಿ ಓಡುತ್ತಿತ್ತು.

ರಂಗಣ್ಣ ಕಂಬ ಹತ್ತಿದ. ಐವತ್ತೈದು ದಾಟಿದ ಮನುಷ್ಯ, ನಿಧಾನ ಜಾಸ್ತಿ. ಕೊಂಬೆಗೆ ಹಗ್ಗ ಕಟ್ಟುತ್ತಿದ್ದಾಗ ಚೈತ್ರಳ ಫೋನ್ ಬಂತು.

“ಅಪ್ಪಾ, ಕರೆಂಟ್ ಹೋಗಿ ನೆಟ್ ನಿಂತೋಯ್ತು. ನನ್ನ ಟೈಮ್ ಓಡ್ತಾ ಐತೆ. ಏಳು ನಿಮಿಷ ಅಷ್ಟೇ ಇರೋದು.”

“ಮೊಬೈಲ್ ನೆಟ್ ಹಾಕ್ಕೊಳಮ್ಮ.”

“ಡೇಟಾ ಖಾಲಿ ಆಗೈತೆ. ಅಮ್ಮ ಪಕ್ಕದ ಮನೇರ ಮೊಬೈಲ್ ತರಾಕೆ ಹೋಗೈತೆ. ನಾನು ಒಂದ್ ಆನೆ ಮುಂದಿದೀನಪ್ಪಾ. ಕರೆಂಟ್ ಯಾವಾಗ ಬರುತ್ತೆ?”

ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ತಲೆಯೆತ್ತಿ ಮೇಲೆ ನೋಡಿದೆ. ‘ರಂಗಣ್ಣಾ, ಬೇಗ ಮಾಡು’ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ಅವನ ಒಂದು ಕಾಲು ಕಂಬದ ಅಡ್ಡಪಟ್ಟಿಯ ಮೇಲಿತ್ತು, ಇನ್ನೊಂದು ಕಾಲು ಜಾಗ ಹುಡುಕುತ್ತಿತ್ತು.

“ರಂಗಣ್ಣ ದೊಡ್ಡಪ್ಪ ಕಂಬದ ಮೇಲವ್ನೆ ಕಣಮ್ಮ,” ಅಂದೆ.

“ಸರಿ ಬುಡಪ್ಪ. ಅವಸರ ಮಾಡ್ಬೇಡ ಅಂತ ಹೇಳು ದೊಡ್ಡಪ್ಪಂಗೆ,” ಅಂದು ಫೋನ್ ಇಟ್ಟುಬಿಟ್ಟಳು.

“ಯಾರ್ಲಾ ಸಿದ್ದ ಫೋನು?” ಮೇಲಿಂದ ರಂಗಣ್ಣ ಕೂಗಿದ.

“ಆಫೀಸ್ನೋರು ಕಣಣ್ಣ. ನೀನು ನಿನ್ ಪಾಡಿಗೆ ಮಾಡು,” ಅಂದೆ.

ಕೆಲಸ ಮುಗಿದು, ಅವನು ಕೆಳಗಿಳಿದ ಮೇಲೆಯೇ ಸ್ಟೇಷನ್‌ಗೆ ಹೇಳಿದೆ. ಅಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು.

ಮನೆಗೆ ಬಂದರೆ ನನ್ನ ಹೆಂಡತಿ ಶಾಂತ ಬಾಗಿಲಲ್ಲೇ ನಿಂತಿದ್ದಳು. ಪಕ್ಕದ ಮನೆಯ ಮೊಬೈಲ್ ತಂದು ನೆಟ್ ಸಿಕ್ಕಿಸಿದರಂತೆ. ಗಾಬರಿಯಲ್ಲಿ ಪಾಸ್‌ವರ್ಡ್ ಎರಡು ಸಲ ತಪ್ಪಾಯಿತಂತೆ. ಆಟ ತೆರೆದಾಗ ‘ಸಮಯ ಮುಗಿದಿದೆ’ ಅಂತ ಬಂದಿತ್ತಂತೆ. “ಊರಿಗೆಲ್ಲಾ ಕರೆಂಟ್ ಕೊಡ್ತೀಯ, ಮಗಳಿಗೆ ಏಳ್ ನಿಮಿಷ ಕೊಡಾಕೆ ಆಗ್ಲಿಲ್ವ?” ಅಂದಳು. ಚೈತ್ರ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಸಂಜೆ ಪಂದ್ಯದ ತೀರ್ಪುಗಾರರು ಫೋನ್ ಮಾಡಿದರು. ಶಿರಾದ ಖಲೀಲ್ ಮೇಷ್ಟ್ರು, ರಿಟೈರ್ ಆದವರು. ಫೋನನ್ನು ಸ್ಪೀಕರಿಗೆ ಹಾಕಿದೆ.

“ನೋಡಿ ಸಿದ್ದೇಶಪ್ಪ, ನಮ್ಮ ಕಡೆಯಿಂದ ಆಟ ನಿಂತ್ರೆ ಜವಾಬ್ದಾರಿ ನಮ್ದು. ಆಡೋ ಮಕ್ಕಳ ಮನೆ ಕರೆಂಟು, ನೆಟ್ಟು ಅವರದೇ ಜವಾಬ್ದಾರಿ. ನಿಯಮ ಹಂಗಿದೆ. ಆದ್ರೆ ಇದು ಊರಿಗೂರೇ ಲೈನ್ ತೆಗೆದಿದ್ದು. ನಿಮ್ಮ ಆಫೀಸಿಂದ ಒಂದು ಕಾಗದ ಕೊಡಿ. ಕಮಿಟಿಗೆ ಹೇಳಿ ಇನ್ನೊಂದು ಆಟ ಆಡಿಸೋಕೆ ನೋಡ್ತೀನಿ.”

ಶಾಂತಳ ಮುಖ ಅರಳಿತು. ನನಗೂ ಹೋದ ಜೀವ ಬಂದ ಹಾಗಾಯಿತು. ಕಾಗದದಲ್ಲಿ ಸುಳ್ಳು ಬರೆಯುವುದೇನೂ ಇರಲಿಲ್ಲವಲ್ಲ! ಅಷ್ಟರಲ್ಲಿ ಚೈತ್ರ ಎದ್ದು ಬಂದಳು. ಕಣ್ಣು ಊದಿದ್ದವು.

“ಕಾಗದ ಬೇಡಪ್ಪ.”

“ಯಾಕಮ್ಮ? ಇದ್ದದ್ದೇ ಬರೆಯೋದಲ್ವಾ?”

“ಎರಡನೇ ಸುತ್ತಲ್ಲಿ ವೈ.ಎನ್.ಹೊಸಕೋಟೆ ಹುಡುಗಿ ಜೊತೆ ಆಡಿದ್ನಲ್ಲ, ಅವಳಿಗೂ ಕರೆಂಟ್ ಹೋಗಿ ಹಿಂಗೇ ಆಯ್ತು. ಆಮೇಲೆ ಫೋನ್ ಮಾಡಿ ಅರ್ಧ ತೆಲುಗಲ್ಲಿ, ‘ಅಕ್ಕಾ, ಮಾ ಊರ್ಲೋ ಕರೆಂಟ್ ಪೋಯಿಂದಿ, ಇನ್ನೊಂದ್ಸಲ ಆಡಾಣ’ ಅಂದ್ಲು. ನಿಯಮ ಐತಲ್ಲ ಅಂದ್ಬುಟ್ಟೆ ನಾನು. ಪಾಯಿಂಟ್ ತಗೊಂಡೆ. ಅವಳಿಗೆ ಕಾಗದ ಬರೆಸ್ಕೊಡೋ ಅಪ್ಪ ಇರ್ಲಿಲ್ಲ.”

ಫೋನಿನಲ್ಲಿ ಮೇಷ್ಟ್ರು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಚೈತ್ರ ಫೋನ್ ಹತ್ತಿರ ಬಗ್ಗಿ, “ಸಾರ್, ಬೇರೆ ನೆಟ್ ರೆಡಿ ಇಟ್ಕೊಳ್ಳಿ ಅಂತ ನೀವು ಮೊದ್ಲೇ ಹೇಳಿದ್ರಿ. ನಾನು ಇಟ್ಕೊಂಡಿರ್ಲಿಲ್ಲ. ತಪ್ಪು ನಂದೇ. ಇನ್ನೊಂದು ಆಟ ಕೊಡೋದಾದ್ರೆ ಅವಳಿಗೂ ಕೊಡಿ, ಇಲ್ಲಾಂದ್ರೆ ನಂಗೂ ಬೇಡ,” ಅಂದಳು.

“ಕಮಿಟಿ ಒಪ್ಪಲ್ಲ ಬೇಟಾ. ಎಲ್ಲಾ ಸುತ್ತೂ ಬದಲಾಗ್ಬಿಡುತ್ತೆ,” ಅಂದರು ಮೇಷ್ಟ್ರು.

“ಹಂಗಾದ್ರೆ ಇರ್ಲಿ ಬಿಡಿ ಸಾರ್.”

ಚೈತ್ರಳಿಗೆ ಎರಡನೇ ಸ್ಥಾನ ಬಂತು. ಆ ರಾತ್ರಿ ಅವಳು ಇನ್ನೊಂದು ಸಲ ಅತ್ತಳು. ಅಳಬೇಡ ಅಂತ ನಾನೂ ಹೇಳಲಿಲ್ಲ. ಮಾರನೇ ದಿನ ಹೊಸಕೋಟೆ ಹುಡುಗಿಗೆ ತಾನೇ ಫೋನ್ ಮಾಡಿದಳು. ನಿಂತುಹೋಗಿದ್ದ ಆ ಆಟವನ್ನು ಇಬ್ಬರೂ ಸುಮ್ಮನೆ ತಮ್ಮ ಸಮಾಧಾನಕ್ಕೆ ಆಡಿ ಮುಗಿಸಿದರು. ಅದರಲ್ಲಿ ಚೈತ್ರ ಸೋತಳು!

ರಂಗಣ್ಣನಿಗೆ ವಿಷಯ ಹೇಗೋ ತಿಳಿದು ಎರಡು ದಿನ ಬಿಟ್ಟು ಮನೆಗೆ ಬಂದ. ಒಳಗೆ ಬಾ ಅಂದರೂ ಬರದೆ ಹೊಸ್ತಿಲಾಚೆ ನಿಂತು, “ನನ್ನಿಂದ ನೀನು ಸೋತ್ಯಂತಲ್ಲವ್ವಾ. ಇವನು ಒಂದ್ಮಾತು ಹೇಳಿದ್ರೆ ಬಿರ್ರನೆ ಮುಗಿಸ್ತಿದ್ದೆ,” ಅಂದ.

“ಅದಕ್ಕೇ ಹೇಳ್ಲಿಲ್ಲ ದೊಡ್ಡಪ್ಪ,” ಅಂದಳು ಚೈತ್ರ. ಕೈ ಹಿಡಿದು ಒಳಗೆ ಎಳೆದುಕೊಂಡು ಬಂದಳು.

ಕರೆಂಟ್ ಹೋದ ಕೂಡಲೇ ಜನ ನಮಗೆ ಫೋನ್ ಮಾಡಿ ಬೈಯುತ್ತಾರೆ. ಕಂಬದ ಮೇಲೆ ಒಬ್ಬ ಮನುಷ್ಯ ಇರುತ್ತಾನೆ ಅಂತ ಯಾರಿಗೂ ಹೊಳೆಯುವುದಿಲ್ಲ. ಹದಿನಾಲ್ಕು ವರ್ಷದ ಹುಡುಗಿಗೆ, ಗೆಲ್ಲುವ ಆಟ ಕೈತಪ್ಪುತ್ತಿರುವಾಗ ಅದು ಹೊಳೆದಿತ್ತು. ಈಗಲೂ ಯಾರಾದರೂ “ಆವತ್ತು ಮಗಳ ಆಟ ಏನಾಯ್ತು?” ಅಂತ ಕೇಳಿದರೆ “ಸೋತ್ಲು” ಅನ್ನುತ್ತೇನೆ. ನಾನು ಅದನ್ನು ಹೇಳುವ ರೀತಿ ನೋಡಿ, ಗೆದ್ದಳು ಅಂದುಕೊಂಡು ಕೈ ಕುಲುಕಿದವರೂ ಇದ್ದಾರೆ.