ಅರ್ಚಕನ ಪ್ಯಾಂಕ್ರಿಯಾಸ್

ದ್ವಾದಶಿಯ ಪಾರಣೆ ಮುಗಿಸಿ ಕೈ ತೊಳೆಯುವಾಗ ನನಗೆ ನೋವು ಶುರುವಾಯಿತು. ಎದೆಗೂಡಿನ ಕೆಳಗೆ ಹಿಡಿದುಕೊಂಡು ನೇರ ಬೆನ್ನಿಗೆ ಹೋಯಿತು. ಹಿಂದಿನ ದಿನ ಏಕಾದಶಿ, ಹನಿ ನೀರೂ ಮುಟ್ಟಿರಲಿಲ್ಲ. ಬೆಳಿಗ್ಗೆ ಹೆಸರುಬೇಳೆ ಪಾಯಸಕ್ಕೆ ತುಪ್ಪ ಧಾರಾಳವಾಗಿ ಬಿದ್ದಿತ್ತು. ಖಾಲಿ ಹೊಟ್ಟೆಯ ಗ್ಯಾಸ್ ಎಂದು ಮನೆಯವರೆಲ್ಲ ತೀರ್ಮಾನಿಸಿದರು. ಹೆಂಡತಿ ಪದ್ಮಾ ಓಮದ ಕಷಾಯ ಕೊಟ್ಟಳು. ವಾಂತಿಯಾಯಿತು. ಮತ್ತೆ ಕೊಟ್ಟಳು. ಮತ್ತೆ ವಾಂತಿ. ಮಧ್ಯಾಹ್ನದ ಹೊತ್ತಿಗೆ ಬಗ್ಗಿ ಕೂತವನಿಗೆ ಏಳಲಾಗಲಿಲ್ಲ.

ಹೊಸಪೇಟೆಯ ಆಸ್ಪತ್ರೆಗೆ ಕರೆದೊಯ್ದವನು ಅಣ್ಣ. ನಮ್ಮ ಬೀದಿಯ ಗುಡಿಯ ಪೂಜೆ ನಮ್ಮಿಬ್ಬರದು. ಒಂದು ತಿಂಗಳು ಅವನ ಸರದಿ, ಒಂದು ತಿಂಗಳು ನನ್ನದು. ಬ್ಲಡ್ ರಿಪೋರ್ಟ್ ನೋಡಿದ ಡಾಕ್ಟರು ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್ ಎಂದರು. ಜಠರದ ಹಿಂದೆ ಇರುವ ಗ್ರಂಥಿ ಅದು, ಊಟ ಕರಗಿಸುವ ರಸ ಮಾಡುತ್ತದೆ, ಈಗ ಆ ರಸ ಗ್ರಂಥಿಯನ್ನೇ ಕರಗಿಸುತ್ತಿದೆ ಎಂದು ಬಿಡಿಸಿ ಹೇಳಿದರು. ಆಮೇಲೆ ಕೇಳಿದರು.

“ಡ್ರಿಂಕ್ಸ್ ತಗೋತೀರೇನ್ರಿ?”

ನಾಮ ಹಚ್ಚಿಕೊಂಡೇ ಮಲಗಿದ್ದವನನ್ನು ಕೇಳಿದ ಮಾತು. ಇಲ್ಲ ಎಂದೆ. ಚಿಕಿತ್ಸೆಗೆ ಬೇಕು, ನಿಜ ಹೇಳಿ ಎಂದು ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆ ಇಲ್ಲ ಎಂದೆ. ಅಣ್ಣ ನನ್ನ ಮುಖ ನೋಡಲಿಲ್ಲ. ಮಂಗಳಾರತಿಗೆ ಹೊತ್ತಾಯಿತೆಂದು ಹೊರಟುಹೋದ.

ಅವನು ಹೋದ ಮೇಲೆ ಸ್ಕ್ಯಾನ್ ಆಯಿತು. ಪಿತ್ತಕೋಶದ ಕಲ್ಲೊಂದು ಜಾರಿ ಗ್ರಂಥಿಯ ರಸ ಹರಿಯುವ ನಾಳಕ್ಕೆ ಅಡ್ಡ ಬಿದ್ದಿತ್ತು. ಇದು ಕುಡಿತದಿಂದ ಬಂದದ್ದಲ್ಲ ಎಂದು ಡಾಕ್ಟರೇ ಪದ್ಮಾಳಿಗೆ ಹೇಳಿದರು. ಅವಳು ಅಲ್ಲೇ ನಿಂತು ಅಣ್ಣನಿಗೆ ಫೋನ್ ಮಾಡಿದಳು.

“ಡಾಕ್ಟ್ರು ಸುಮ್ನ ಎರಡು ಸಲ ಕೇಳ್ತಾರೇನಮ್ಮ?” ಎಂದನಂತೆ.

ಬಾಯಿಗೆ ಏನೂ ಇಲ್ಲ. ಬರೀ ಸಲೈನ್, ನೋವಿನ ಇಂಜೆಕ್ಷನ್. ದೇವರಿಗಾಗಿ ಉಪವಾಸ ಇದ್ದವನು ಈಗ ಒಂದು ಗ್ರಂಥಿಗಾಗಿ ಉಪವಾಸ ಬಿದ್ದೆ. ನೋವು ಸ್ವಲ್ಪ ಇಳಿದ ಮೇಲೆ ಡಾಕ್ಟರು ಸಮಾಧಾನದಿಂದ ಕೂತು ವಿವರಿಸಿದರು. ಪೆಟ್ಟು ತಿಂದ ಜೀವಕೋಶಗಳು ಮೊದಲು ರಸ ಮಾಡುವುದನ್ನೇ ನಿಲ್ಲಿಸುತ್ತವಂತೆ, ಕಲಿತ ಕೆಲಸ ಮರೆತು ಎಳೆಯವಾಗುತ್ತವಂತೆ. ಸತ್ತವನ್ನು ರಕ್ತದಿಂದ ಬಂದ ಕಣಗಳು ತೆಗೆದುಹಾಕುತ್ತವೆ, ಉಳಿದವು ಬೆಳೆದು ನಿಧಾನಕ್ಕೆ ಹಳೆಯ ಕೆಲಸಕ್ಕೆ ಮರಳುತ್ತವೆ. ಕೆಲವರಿಗೆ ಗ್ರಂಥಿಯ ಒಂದು ಭಾಗವೇ ಸತ್ತು ಜೀವಕ್ಕೇ ಅಪಾಯವಾಗುತ್ತದೆ, ನನ್ನದು ಅಷ್ಟಕ್ಕೆ ಹೋಗಿಲ್ಲ ಎಂದರು. ಔಷಧಿ ಏನೆಂದು ಕೇಳಿದೆ.

“ಅದರ ಪಾಡಿಗೆ ಅದನ್ನ ಬಿಡೋದೇ ಔಷಧಿ.”

ನನ್ನ ಪಾಡಿಗೆ ನನ್ನನ್ನು ಯಾರೂ ಬಿಡಲಿಲ್ಲ. ಕಂಪ್ಲಿಯಿಂದ ನೋಡಲು ಬಂದ ಸೋದರಮಾವ ಎಳನೀರು ಇಟ್ಟು, ಯಾರ ಸಹವಾಸ ಇದೆಲ್ಲ ಎಂದು ಮೆಲ್ಲಗೆ ವಿಚಾರಿಸಿದರು. ಕುಡಿದೇ ಈ ಕಾಯಿಲೆ ತಂದುಕೊಂಡಿದ್ದ ಪಕ್ಕದ ಹಾಸಿಗೆಯವನು ನನ್ನನ್ನು ಗೆಳೆಯನೆಂದೇ ತಿಳಿದು ಬ್ರಾಂಡ್ ಯಾವುದೆಂದು ಕೇಳಿದ. ಪದ್ಮಾ ನಕ್ಕಳು. ನನಗೆ ನಗು ಬರಲಿಲ್ಲ.

ಪಿತ್ತಕೋಶ ತೆಗೆಸಿಕೊಂಡು ಮನೆಗೆ ಬಂದೆ. ನನ್ನ ಸರದಿ ಬಂತು. ಇನ್ನೂ ನಿಶ್ಶಕ್ತಿ, ಸುಧಾರಿಸಿಕೋ ಎಂದು ಅಣ್ಣ ಆ ತಿಂಗಳೂ ತಾನೇ ಪೂಜೆ ಮಾಡಿದ. ಮುಂದಿನ ಸರದಿಗೂ ಅದೇ ಮಾತು. ನಾನು ಹೊರಗಿನ ಜಗಲಿಯಲ್ಲಿ ಕೂತು ತುಳಸಿ ಮಾಲೆ ಕಟ್ಟಿದೆ. ಹೊಟ್ಟೆ ಉರಿಯುತ್ತಿತ್ತು. ಅದು ಪ್ಯಾಂಕ್ರಿಯಾಸಿನ ಉರಿಯಲ್ಲ.

ಮತ್ತೊಮ್ಮೆ ಸ್ಕ್ಯಾನ್ ಮಾಡಿದಾಗ ಗ್ರಂಥಿ ಪೂರ್ತಿ ಮಾಯ್ದಿತ್ತು. ಆ ಕಾಣದ ಅಂಗಕ್ಕೆ ಮನಸ್ಸಿನಲ್ಲೇ ಕೈಮುಗಿದೆ. ಆಸ್ಪತ್ರೆಯಿಂದ ನೇರ ಗುಡಿಗೆ ಹೋಗಿ, ಕಾಯಿಲೆ ಬಂದ ಗುರುತೂ ಉಳಿದಿಲ್ಲ ಎಂದು ಅಣ್ಣನಿಗೆ ಹೇಳಿದೆ.

“ಹಂಗಾದ್ರ ನೀ ಕುಡಿಯೋದು ಬಿಟ್ಟೀದಿ ಅಂತಾತು,” ಎಂದ.

ಕಲ್ಲು ಎಂದೆ, ನಾಳ ಎಂದೆ, ಬೇಕಾದರೆ ಡಾಕ್ಟರನ್ನೇ ಕೇಳು ಎಂದೆ. ಗರ್ಭಗುಡಿಯ ಕೀಲಿ ಅವನ ಕೈಯಲ್ಲೇ ಇತ್ತು.

“ದೇವರ ಮುಂದ ಬಿಟ್ಟೀನಿ ಅನ್ನು. ಕೀಲಿ ತಗೋ. ನಾ ಮತ್ತ ಈ ಮಾತು ಯಾರ ಮುಂದೂ ಎತ್ತಂಗಿಲ್ಲ.”

ನಿಜ ಹೇಳಿ ಇಷ್ಟು ದಿನ ಜಗಲಿಯಲ್ಲಿ ಕೂತಿದ್ದೆ. ದೇವರಿಗೆ ಗೊತ್ತು ಎಂದುಕೊಂಡು ಧೈರ್ಯ ಮಾಡಿದೆ.

“ಬಿಟ್ಟೀನಿ,” ಎಂದೆ.

ಮರುದಿನ ಬೆಳಿಗ್ಗೆ ಅಭಿಷೇಕ ಮುಗಿಸಿ ತೀರ್ಥ ಕೊಡಲು ನಿಂತೆ. ದಿನಾ ಬರುವ ಹಿರಿಯರೊಬ್ಬರು ಭಕ್ತಿಯಿಂದ ಅಂಗೈ ಚಾಚಿದರು.

“ಬಿಟ್ಟದ್ದು ಭಾಳ ಚಲೋ ಆತ್ರಿ, ಆಚಾರ್ರ.”

ಅವರ ಕೈಗೆ ತೀರ್ಥ ಹಾಕಿದೆ. ಹೂಂ ಎಂದೆ.