ಕಡಲೆಕಾಯಿ ಹೊಲದ ನಾಲ್ಕನೇ ಡಬ್ಬಿ

ಮಂಗಳವಾರ ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ನಾಲ್ಕನೇ ಡಬ್ಬಿ ಮಾತು ನಿಲ್ಲಿಸಿತು. ಅದು ನನಗೆ ಗೊತ್ತಾದದ್ದು ಮರುದಿನ. ಆ ಹೊತ್ತಿನಲ್ಲಿ ನಾನು ಕೊರಟಗೆರೆ ದಾಟಿದ ಸರ್ಕಾರಿ ಬಸ್ಸಿನ ಕಿಟಕಿ ಪಕ್ಕ ಕೂತು, ಮಧುಗಿರಿ ಬೆಟ್ಟ ಯಾವ ತಿರುವಿನಲ್ಲಿ ಕಾಣಿಸುತ್ತದೆಂದು ಕಾಯುತ್ತಿದ್ದೆ. ನನ್ನದು ಹೆಂಗಸರ ಉಚಿತ ಟಿಕೆಟ್. ಪಕ್ಕದಲ್ಲಿದ್ದ ನಯಾಜ್ ಭಾಯ್ ತಮ್ಮ ಟಿಕೆಟ್ಟನ್ನು ಅಂಗಿಯ ಜೇಬಿಗೆ ಸೇರಿಸಿ, "ನಿಮ್ದು ಮಜಾ ಮೇಡಂ" ಅಂದರು. ಅವರು ಶಿರಾದವರು. ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಬೆಸುಗೆ ಕೆಲಸಕ್ಕೆ ಅವರನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ನಾನು ಅಲ್ಲೇ ಓದಿ ಅಲ್ಲೇ ಸಂಶೋಧನಾ ಸಹಾಯಕಿಯಾದವಳು.

ಐ.ಡಿ.ಹಳ್ಳಿ ಹತ್ತಿರದ ಒಂದು ಗುಡ್ಡದ ತಪ್ಪಲಿನಲ್ಲಿ ನಾವು ನಾಲ್ಕು ಡಬ್ಬಿ ಕಟ್ಟಿದ್ದೆವು. ಬಿಸಿ ಮೈಯ ಪ್ರಾಣಿ ಹತ್ತಿರ ಸುಳಿದರೆ ಡಬ್ಬಿ ಪಕ್ಕದ ಡಬ್ಬಿಗೆ ಸುದ್ದಿ ಕೊಡಬೇಕು. ಹೀಗೆ ಕೈಯಿಂದ ಕೈಗೆ ಸಾಗಿದ ಸುದ್ದಿಯನ್ನು ನಾಲ್ಕನೆಯದು ಹೊಲದೊಡತಿ ಸಣ್ಣೀರಮ್ಮನವರ ಮನೆಯ ಸೈರನ್ನಿಗೆ ತಲುಪಿಸಬೇಕು. ಬೇಕಾದದ್ದು ಕರಡಿಯ ಸುದ್ದಿ. ಕಡಲೆಕಾಯಿ ಬಲಿತ ಮೇಲೆ ಸಣ್ಣೀರಮ್ಮ, ಅವರ ಗಂಡ ದಾಸಪ್ಪ ಒಂದು ತಿಂಗಳಿಂದ ಸರದಿಯ ಮೇಲೆ ಅಟ್ಟಣೆಯಲ್ಲಿ ಕಾವಲು ಕಾಯುತ್ತಿದ್ದರು.

ಡಬ್ಬಿಯೊಳಗೆ ಅಂಗೈಯಗಲದ ಸೋಲಾರ್ ತಟ್ಟೆಯಿಂದ ತುಂಬುವ ಸಣ್ಣ ಬ್ಯಾಟರಿ. ರೇಡಿಯೊ ಮಾತಾಡಿದಷ್ಟೂ ಅದು ಕರಗುತ್ತದೆ. ಆದ್ದರಿಂದ ಡಬ್ಬಿಗಳು ಮಲಗಿರುತ್ತವೆ, ಕ್ಷಣ ಎದ್ದು ನೋಡಿ ಮತ್ತೆ ಮಲಗುತ್ತವೆ. ಇನ್ನಷ್ಟು ಉಳಿಸೋಣವೆಂದು ನಾನು ಇನ್ನೊಂದು ಕೆಲಸ ಮಾಡಿದ್ದೆ. ಗಂಟೆಗೊಮ್ಮೆ ಅವು ನನ್ನ ಫೋನಿಗೆ ಕಳಿಸುತ್ತಿದ್ದ 'ನಾನಿದ್ದೇನೆ' ಎಂಬ ಸಂದೇಶವನ್ನು ದಿನಕ್ಕೊಂದು ಸಲ, ಬೆಳಿಗ್ಗೆ ಎಂಟಕ್ಕೆ ಮಾತ್ರ ಎಂದು ಬದಲಿಸಿದ್ದೆ. ಆ ಉಳಿತಾಯದ ಬಗ್ಗೆ ನನಗೆ ಹೆಮ್ಮೆಯಿತ್ತು.

ನಾವು ತಲುಪಿದಾಗ ಮಬ್ಬುಗತ್ತಲು. ಡಬ್ಬಿಗಳನ್ನು ಬೆಳಿಗ್ಗೆ ನೋಡಿದರಾಯಿತು ಅಂದುಕೊಂಡೆವು. ಸಣ್ಣೀರಮ್ಮ ಮುದ್ದೆ, ಹುರುಳಿ ಬಸ್ಸಾರು ಬಡಿಸಿ, "ಇವತ್ತಾದ್ರೂ ಮನೇಲಿ ಮಲಗ್ಬೋದಾ ಕಣಮ್ಮ?" ಎಂದು ಕೇಳಿದರು.

"ಸೈರನ್ ಕೂಗಲಿಲ್ಲ ಅಂದ್ರೆ ಯಾರೂ ಬಂದಿಲ್ಲ ಅಂತಾನೇ ಅರ್ಥ. ಧೈರ್ಯವಾಗಿ ಮಲಗಿ" ಅಂದೆ.

ಅಟ್ಟಣೆ ಖಾಲಿ ಬಿಟ್ಟರು. ಆದರೂ ಸಣ್ಣೀರಮ್ಮ ಎರಡು ಸಲ ಎದ್ದು ಬಾಗಿಲಲ್ಲಿ ನಿಂತು ಕಿವಿಗೊಟ್ಟದ್ದು ನನಗೆ ಗೊತ್ತು.

ಬುಧವಾರ ಬೆಳಿಗ್ಗೆ ಆರಕ್ಕೆ ಮುಂಚೆ ಅವರ ಜೊತೆ ಹೊಲಕ್ಕೆ ಹೋದೆ. ಅವರ ಒಂದು ಕೈಯಲ್ಲಿ ಕುಡುಗೋಲು, ಇನ್ನೊಂದರಲ್ಲಿ ಸ್ಟೀಲಿನ ಚೊಂಬು. ಬದು ಹತ್ತಿ ಹತ್ತು ಹೆಜ್ಜೆ ನಡೆದಿರಲಿಲ್ಲ, ಗಿಡಗಳ ನಡುವೆ ಕಪ್ಪು ಗುಡ್ಡೆಯೊಂದು ಎದ್ದು ನಿಂತಿತು. ಬೆನ್ನ ಮೇಲೆ ಮರಿ. ಅದು ಉಸಿರು ಬಿಟ್ಟ ಸದ್ದು ಕುಕ್ಕರಿನ ಉಗಿಯ ಸದ್ದಿನಂತಿತ್ತು. ಈಗಲೂ ನಮ್ಮ ಮನೆಯಲ್ಲಿ ಕುಕ್ಕರ್ ಕೂಗುವ ಮುಂಚಿನ ಆ ಸದ್ದಿಗೆ ನನ್ನ ಕೈಯಲ್ಲಿದ್ದದ್ದು ಜಾರುತ್ತದೆ.

"ಓಡ್ಬ್ಯಾಡ. ಓಡಿದ್ರೆ ಬುಡಾಕಿಲ್ಲ" ಎನ್ನುತ್ತ ಸಣ್ಣೀರಮ್ಮ ನನ್ನನ್ನು ಬೆನ್ನ ಹಿಂದೆ ದಬ್ಬಿದರು. ಕುಡುಗೋಲಿನ ಹಿಂಬದಿಯಿಂದ ಚೊಂಬು ಬಡಿಯುತ್ತ ಕರಡಿಯೊಡನೆ ಮಾತಾಡತೊಡಗಿದರು. "ಹೋಗವ್ವ, ನೀನೂ ಮಗೀನ ತಾಯಿ. ತಿಂದಿದ್ದು ಸಾಕು, ಕರ್ಕಂಡು ಹೋಗು." ಅದು ಧುಮುಕಿ ನಮ್ಮ ಕಡೆ ನಾಲ್ಕು ಹೆಜ್ಜೆ ಬಂತು. ನಾನು ಅವರ ಸೆರಗನ್ನು ಹಿಡಿದಿದ್ದೆ. ಚೊಂಬಿನ ಬಡಿತದ ತಾಳ ತಪ್ಪಲಿಲ್ಲ. ಕರಡಿ ನಿಂತಿತು, ತಲೆ ಆಡಿಸಿತು, ತಿರುಗಿ ಗುಡ್ಡದ ಕಡೆ ನಡೆಯಿತು. ಅದು ಮರೆಯಾದ ಮೇಲೆ ಅವರು ಬದುವಿನ ಮೇಲೆ ಕುಸಿದು ಕೂತರು. ಚೊಂಬಿನ ಸದ್ದಿಗೆ ದಾಸಪ್ಪ, ನಯಾಜ್ ಭಾಯ್ ಓಡಿಬಂದರು.

ನಾಲ್ಕನೇ ಡಬ್ಬಿಯ ಮೇಲೆ ಗೋಣಿಚೀಲ ಹೊದಿಸಿತ್ತು. ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದರೆ ಅದರ ದಾಖಲೆ ಹಿಂದಿನ ದಿನ ಮೂರು ಇಪ್ಪತ್ತಕ್ಕೇ ನಿಂತಿತ್ತು.

"ಬಿಸ್ಲಾಗೆ ಕಾದು ಹೆಂಚಾಗಿತ್ತು ಕಣಮ್ಮ" ಅಂದರು ಸಣ್ಣೀರಮ್ಮ. "ರಾತ್ರಿಯೆಲ್ಲಾ ನಮಗೋಸ್ಕರ ದುಡೀತದೆ, ಪಾಪ ಅಂತ ಎಂಟು ದಿನದಿಂದ ಹೊದಿಸ್ತಿವ್ನಿ. ಚೀಲ ಒಣಗಿದ್ರೆ ನೀರು ಚುಮುಕಿಸ್ತೀನಿ."

"ಅಕ್ಕಾ, ಅದಕ್ಕೆ ಬಿಸ್ಲೇ ಊಟ" ಅಂದರು ನಯಾಜ್ ಭಾಯ್.

"ಅಂಗಂತ ಒಂದು ಮಾತು ಯೋಳ್ಬಾರ್ದಾ ನೀವು?"

ಹೇಳಬೇಕಿತ್ತು. ಗಂಟೆಗೊಮ್ಮೆಯ ಸಂದೇಶ ಇದ್ದಿದ್ದರೆ ಡಬ್ಬಿ ಸತ್ತದ್ದು ಹಿಂದಿನ ದಿನ ಬಸ್ಸಿನಲ್ಲೇ ನನ್ನ ಫೋನಿಗೆ ತಿಳಿಯುತ್ತಿತ್ತು. ಅದನ್ನು ದಾಸಪ್ಪನವರಿಗೆ ಮುಚ್ಚಿಡದೆ ಹೇಳಿದೆ. ಅವರು ಬೈಯಲಿಲ್ಲ. ಬೀಡಿ ಕಚ್ಚಿಕೊಂಡು, "ಅವ್ಳು ಅರ್ಧ ರಾತ್ರಿ, ನಾನು ಅರ್ಧ ರಾತ್ರಿ ಕಾಯ್ತೀವಿ. ನಿನ್ ಡಬ್ಬಿ ಯಾಕಮ್ಮ ಒಂಟಿಯಾಗಿ ಕಾಯ್ತದೆ? ಮೂರ್ ಡಬ್ಬಿ ಮಾತೂ ಅದೇ ಹೊರ್ಬೇಕಾ?" ಅಂದರು. ನಯಾಜ್ ಭಾಯ್ ನನ್ನ ಮುಖ ನೋಡಿದರು. ನಾಲ್ಕನೆಯದಕ್ಕೂ ಸರದಿಗೆ ಒಂದು ಜೊತೆ ಬೇಕು ಅಂದೆ.

ಹೆಚ್ಚುವರಿ ಡಬ್ಬಿ ಇದ್ದದ್ದು ಪಾವಗಡದಲ್ಲಿ, ನಯಾಜ್ ಭಾಯ್ ಗೆಳೆಯನ ರೇಡಿಯೊ ಅಂಗಡಿಯಲ್ಲಿ. ಅವತ್ತೇ ಬಸ್ ಹತ್ತಿದೆವು. ಸುಡು ಬಿಸಿಲು. ಪಾವಗಡ ನಿಲ್ದಾಣದ ಹೋಟೆಲಿನಾಕೆ ಟೀ ಕೊಡುತ್ತ, ನನ್ನ ಮುಖ ಕಂಡು, "ಏಮೈಂದಮ್ಮಾ?" ಎಂದು ತೆಲುಗಿನಲ್ಲಿ ಕೇಳಿದಳು. ಕರಡಿ ಕಂಡೆ ಅಂದೆ. "ಅಯ್ಯೋ, ಎಲುಗುಬಂಟಾ?" ಎಂದು ಟೀಗೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು.

ಗುರುವಾರ ಹೊಸ ಡಬ್ಬಿಯನ್ನು ನಾಲ್ಕನೆಯದರ ಪಕ್ಕದ ಹೊಂಗೆ ಮರದ ಬಿಸಿಲು ಬೀಳುವ ಕೊಂಬೆಗೆ ಕಟ್ಟಿದೆವು. ಒಂದು ಎದ್ದಿರುವಾಗ ಇನ್ನೊಂದು ಮಲಗುತ್ತದೆ. ಗಂಟೆಗೊಮ್ಮೆಯ ಸಂದೇಶ ಮರಳಿ ಬಂತು. ಅದು ತಪ್ಪಿದರೂ ಸೈರನ್ ಕೂಗುವಂತೆ ಮಾಡಿದೆ. ಸಣ್ಣೀರಮ್ಮ ಸೋಲಾರ್ ತಟ್ಟೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. ದಾಸಪ್ಪ ಮಾತ್ರ, "ನಾನು ಅಟ್ಟಣೆ ಇಳಿಯಾಕಿಲ್ಲ" ಅಂದರು.

ಶುಕ್ರವಾರ ಶಿರಾ. ನಯಾಜ್ ಭಾಯ್ ತಾಯಿ ಕಥೆಯನ್ನೆಲ್ಲ ಕೇಳಿ, "ಬೇಟಿ, ಮೊದಲು ಊಟ, ಆಮೇಲೆ ಕರಡಿ" ಎಂದು ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದರು. ಸಂಜೆ ಹೆದ್ದಾರಿಯ ಬಸ್ ಹಿಡಿದು ತುಮಕೂರಿನ ಮನೆಗೆ ಮರಳಿದೆ.

ಆಮೇಲೆ ದಿನವೂ ಬೆಳಿಗ್ಗೆ ಆರಕ್ಕೆ ಸಣ್ಣೀರಮ್ಮನಿಗೆ ಫೋನ್ ಮಾಡುತ್ತಿದ್ದೆ. ಭಾನುವಾರ ಸೈರನ್ ಎರಡು ಸಲ ಕೂಗಿತಂತೆ. ಎರಡು ಸಲವೂ ದಾಸಪ್ಪ ಟಾರ್ಚ್ ಬಿಟ್ಟು ನೋಡಿದರೆ, ನಿಜವಾಗಿಯೂ ಕರಡಿ. ಸದ್ದಿಗೆ ಬೆದರಿ ಗುಡ್ಡ ಹತ್ತಿತಂತೆ. "ನಿನ್ ಡಬ್ಬಿ ಸುಳ್ಳು ಯೋಳ್ಲಿಲ್ಲ ಅಂತವ್ರೆ" ಅಂದರು ಸಣ್ಣೀರಮ್ಮ. ದಾಸಪ್ಪ ಅಟ್ಟಣೆ ಮಾತ್ರ ಇಳಿದಿರಲಿಲ್ಲ.

ಬುಧವಾರ ಆರಕ್ಕೆ ಅವರು ಫೋನ್ ಎತ್ತಲಿಲ್ಲ. ಆರೂ ಕಾಲಿಗೆ, ಆರೂವರೆಗೆ, ಏಳಕ್ಕೂ ಎತ್ತಲಿಲ್ಲ. ಡಬ್ಬಿಗಳೆಲ್ಲ ಗಂಟೆಗೊಮ್ಮೆ ಇದ್ದೇವೆ ಎನ್ನುತ್ತಿದ್ದವು, ಆದರೂ ನಾನು ಚಪ್ಪಲಿ ಮೆಟ್ಟಿ ಬಸ್ ನಿಲ್ದಾಣಕ್ಕೆ ಹೊರಟಿದ್ದೆ. ಬಾಗಿಲು ಹಾಕುವಷ್ಟರಲ್ಲಿ ಅವರೇ ಫೋನ್ ಮಾಡಿದರು.

"ಯಾಕಮ್ಮ, ಇಷ್ಟೊಂದು ಸಲ ಮಾಡಿದ್ದೀಯ? ಇಬ್ರೂ ಮನೇಲಿ ಮಲಗ್ಬುಟ್ಟಿದ್ವಿ. ಹಸ ಕೂಗಿದ್ಮ್ಯಾಲೆ ಎಚ್ಚರಾಯ್ತು. ನಮ್ ಯಜಮಾನ್ರು ಇನ್ನಾ ಎದ್ದಿಲ್ಲ, ಮಾತಾಡ್ತೀಯಾ? ಎಬ್ಬಿಸ್ಲಾ?"

ಬೇಡ, ಎಬ್ಬಿಸಬೇಡಿ ಅಂದೆ.