ಮಲ್ಲಪ್ಪನ ಕುರಿ, ನನ್ನ ಹಲ್ಲು

ನಾನು ಸೀಟಿ ಹೊಡೆದರೆ ಕುರಿಗಳು ಮಾಲೀಕನನ್ನೇ ಮರೆಯುತ್ತವೆ. (ಜಂಬವಲ್ಲ, ನಮ್ಮೂರು ಬಿಜ್ಜರಗಿಯಲ್ಲಿ ಯಾರನ್ನಾದರೂ ಕೇಳಿ.) ಸಂಜೆ ನನ್ನ ಹೆಂಡತಿಯ ತಮ್ಮ ಮಲ್ಲಪ್ಪ ಹಿಂಡನ್ನು ಮನೆ ಕಡೆ ತಿರುಗಿಸುತ್ತಾನೆ. ನಾನು ಬೇಲಿ ಮರೆಯಿಂದ ಥೇಟ್ ಅವನದೇ ಸೀಟಿ ಹೊಡೆದು ಮತ್ತೆ ಹೊಲಕ್ಕೆ ತಿರುಗಿಸುತ್ತೇನೆ. ಎಪ್ಪತ್ತು ದಾಟಿದವನಿಗೆ ಇಷ್ಟಾದರೂ ಉದ್ಯೋಗ ಬೇಡವೇ?

ಈ ವಿದ್ಯೆಯೆಲ್ಲ ಇರುವುದು ಮೇಲಿನ ಮುಂದಿನ ಹಲ್ಲುಗಳಲ್ಲಿ. ಬೇಸಿಗೆಯಲ್ಲಿ ಅವುಗಳಲ್ಲೊಂದು ಕೈಕೊಟ್ಟಿತು. ಹುಳುಕಿಲ್ಲ, ತೂತಿಲ್ಲ. ಆದರೂ ಒಳಬದಿಯ ವಸಡು ಬಾತು ಕೀವು!

ಮಲ್ಲಪ್ಪ ಖುಷಿಯಿಂದಲೇ ಓಡಿ ಬಂದ.

"ಮಾವಾ, ತಗಸಿ ಒಗೀರಿ. ಬರ್ರಿ, ನಾನ ಗಾಡಿ ಮ್ಯಾಲ ಕರಕೊಂಡ ಹೊಕ್ಕೇನಿ."

"ಹಲ್ಲ ನಂದು. ನಿನಗ್ಯಾಕಲೇ ಅವಸರ?"

"ನನ್ನ ಕುರಿ ಹೊತ್ತ ಮುಳಗೂದ್ರಾಗ ಮನಿ ಮುಟ್ಟಬೇಕಲ್ರಿ!"

ಹೆಂಡತಿಯೂ ತಮ್ಮನ ಪಾರ್ಟಿ. "ತಗಸ್ರಿ. ಊರು ಶಾಂತ ಆಗತೈತಿ."

ಜೋರಾಪುರ ಪೇಟೆಯ ಕ್ಲಿನಿಕ್ಕಿನಲ್ಲಿ ಹುಡುಗಿಯಂಥ ಡಾಕ್ಟರು ಬಾಯೊಳಗೆ ಕನ್ನಡಿ ಹಿಡಿದರು, ಎಕ್ಸ್‌ರೇ ನೋಡಿದರು. "ಅಜ್ಜಾರ, ಹಲ್ಲಿನ ಹಿಂದ ಒಂದು ಗೆರಿ ಐತ್ರಿ. ಹಲ್ಲ ಹುಟ್ಟುವಾಗನ ಬಂದದ್ದು. ಬೇರಿನ ತನಕ ಇಳದೈತಿ. ಅದರಗುಂಟ ಹೊಲಸು ಒಳಗ ಹೋಗಾಕತ್ತೈತಿ."

"ತಗೀಬೇಕೇನವಾ?" ಎಂದೆ. ಮಲ್ಲಪ್ಪನ ಕಿವಿ ನೆಟ್ಟಗಾದವು.

"ಗೆರಿ ಭಾಳ ಆಳ ಇಲ್ಲ, ಹಲ್ಲಿನ ಸುತ್ತ ಎಲುಬೂ ಗಟ್ಟಿ ಐತಿ. ಉಳಸಾಕ ನೋಡೂಣ್ರಿ. ಗ್ಯಾರಂಟಿ ಮಾತ್ರ ಕೊಡಂಗಿಲ್ಲ."

ನನಗೆ ತಕ್ಷಣ ತಿಳಿಯಿತು. ನಮ್ಮ ಮಣ್ಣಿನ ಮಾಳಿಗೆಯ ಕಥೆಯೇ! ಬಿರುಕಿನಲ್ಲಿ ನೀರಿಳಿದರೆ ಮಳೆಗೆ ಮುಂಚೆ ಮೇಲೆ ಹತ್ತಿ, ಕೆರೆದು, ಹೊಸ ಮಣ್ಣು ಮೆತ್ತುತ್ತೇವೆ. ಮನೆ ಕೆಡವುತ್ತೇವೆಯೇ?

ಅವರು ಮಾಡಿದ್ದೂ ಅದನ್ನೇ. ಮೊದಲು ರೂಟ್ ಕೆನಾಲ್. ಆಮೇಲೆ ವಸಡು ಬಿಡಿಸಿ, ಗೆರೆ ಕೆರೆದು ಸ್ವಚ್ಛ ಮಾಡಿ, ಸಿಮೆಂಟಿನಂಥದ್ದೇನೋ ತುಂಬಿ, ಹೊಲಿದರು. (ನಾನು ಹೆದರಲಿಲ್ಲ. ಮಲ್ಲಪ್ಪನ ಕೈ ಹಿಡಿದದ್ದು ಅವನಿಗೆ ಧೈರ್ಯ ಬರಲೆಂದು.)

ತಿಂಗಳುಗಳಾದವು. ಬಾವು ಇಳಿಯಿತು, ಹಲ್ಲು ಅಲುಗುತ್ತಿಲ್ಲ. ಹೊಸ ಎಕ್ಸ್‌ರೇ ನೋಡಿ ಡಾಕ್ಟರೂ ನಕ್ಕರು. ಮೊನ್ನೆ ಸಂಜೆ ಮತ್ತೆ ಬೇಲಿ ಮರೆಯಲ್ಲಿ ನಿಂತು ಹೊಡೆದೆ ನೋಡಿ ಒಂದು ಸೀಟಿ! ಹಿಂಡು ಗಕ್ಕನೆ ನಿಂತಿತು, ತಿರುಗಿತು, ಹೊಲದ ಕಡೆ ಹೊರಟಿತು.

"ಯಪ್ಪಾ, ನಾನ ಕರಕೊಂಡ ಹೋಗಿ ಕೆಟ್ಟೆ!" ಎಂದು ಮಲ್ಲಪ್ಪ ಕುರಿಗಳ ಹಿಂದೆ ಓಡಿದ.

ನಿಮಗೂ ಹಲ್ಲು ನೋಯುತ್ತಿದೆಯೇ? "ಕೀಳಿಸಿಬಿಡು" ಎನ್ನುವವರು ಮನೆಗೊಬ್ಬರು ಇದ್ದೇ ಇರುತ್ತಾರೆ. ಡಾಕ್ಟರಿಗೆ ತೋರಿಸಿ, ಜೊತೆಗೆ ಇದನ್ನೂ ವಿಚಾರಿಸಿ: ಆ ಹಲ್ಲು ಹೋದರೆ ಲಾಭ ಯಾರಿಗೆ?